ಬರೆದಂತೆ ನಡೆಯುವ ಯಂತ್ರ: ಶೆಲ್ ಸ್ಕ್ರಿಪ್ಟ್ ಓಡಿಸುವುದೆಂದರೆ ಏನು?

ಕಪ್ಪು ಕಿಟಕಿಯಲ್ಲಿ ಅಕ್ಷರ ಒತ್ತಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವುದು ಬಹುಕಾಲ ಪ್ರೋಗ್ರಾಮರ್‌ಗಳಿಗೆ ಮತ್ತು ಸರ್ವರ್ ನೋಡಿಕೊಳ್ಳುವವರಿಗೆ ಬಿಟ್ಟ ವಿಷಯವಾಗಿತ್ತು. ಈಗ ಅದು ಎರಡು ದಾರಿಗಳಿಂದ ಉಳಿದವರ ಮೇಜಿಗೂ ಬಂದು ಕುಳಿತಿದೆ. ಮುನ್ನೂರು ಫೋಟೋಗಳ ಹೆಸರನ್ನು ಒಮ್ಮೆಲೇ ಬದಲಾಯಿಸುವುದು ಹೇಗೆಂದು ಎಐ ಚಾಟ್‌ಬಾಟನ್ನು ಕೇಳಿದರೆ, ಅದು ಹತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಟ್ಟು ‘ಇದನ್ನು ಟರ್ಮಿನಲ್‌ನಲ್ಲಿ ಓಡಿಸಿ’ ಎನ್ನುತ್ತದೆ. ಇದು ಮೊದಲ ದಾರಿ. ಎರಡನೆಯದು ಮೋಸದ ದಾರಿ. 2024ರಿಂದೀಚೆಗೆ ಹೆಚ್ಚಾಗಿರುವ ಕೆಲವು ನಕಲಿ ಪುಟಗಳು, ‘ನೀವು ರೋಬೋಟ್ ಅಲ್ಲವೆಂದು ತೋರಿಸಲು’ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ, ಎಂಟರ್ ಒತ್ತಿ ಎಂದು ಹೇಳಿ, ಬಳಕೆದಾರರ ಕೈಯಿಂದಲೇ ದುರುದ್ದೇಶದ ಕಮಾಂಡನ್ನು ಓಡಿಸಿಬಿಡುತ್ತವೆ. ಭದ್ರತಾ ತಜ್ಞರು ಇದಕ್ಕೆ ‘ಕ್ಲಿಕ್‌ಫಿಕ್ಸ್’ ಎಂದು ಹೆಸರಿಟ್ಟಿದ್ದಾರೆ. ಎರಡೂ ಕಡೆ ‘ಓಡಿಸಿ’ ಎಂಬ ಮಾತಿನ ಹಿಂದೆ ನಡೆಯುವ ಕೆಲಸ ಒಂದೇ ಬಗೆಯದು. ಆ ಕೆಲಸ ಯಾವುದು, ಅದನ್ನು ಮಾಡುವವರು ಯಾರು, ಯಾರ ಅಧಿಕಾರದಲ್ಲಿ ಅದು ನಡೆಯುತ್ತದೆ ಎಂಬುದನ್ನು ಇಲ್ಲಿ ಬುಡದಿಂದ ನೋಡಬಹುದು.

ಓದುವ ಮೊದಲು ಒಂದು ಸೂಚನೆ. ಕಮಾಂಡ್‌ಗಳ ಹೆಸರುಗಳನ್ನು ಈ ಲೇಖನದಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ; ಕೀಲಿಮಣೆಯಲ್ಲಿ ಮಾತ್ರ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ಕಡತಗಳ ಹೆಸರು ಕನ್ನಡದಲ್ಲೇ ಇರಬಹುದು, ಅದಕ್ಕೆ ಶೆಲ್‌ನ ಅಡ್ಡಿಯಿಲ್ಲ.

ಟರ್ಮಿನಲ್ ಬೇರೆ, ಶೆಲ್ ಬೇರೆ

ಪರದೆಯ ಮೇಲೆ ಕಾಣುವ ಕಿಟಕಿಯ ಹೆಸರು ಟರ್ಮಿನಲ್. ನಾವು ಒತ್ತಿದ ಅಕ್ಷರಗಳನ್ನು ಒಳಗೆ ಕಳಿಸುವುದು, ಒಳಗಿನಿಂದ ಬಂದ ಅಕ್ಷರಗಳನ್ನು ತೋರಿಸುವುದು, ಇಷ್ಟೇ ಅದರ ಕೆಲಸ. ಒಂದು ಕಾಲದಲ್ಲಿ ಇದು ನಿಜವಾದ ಯಂತ್ರವೇ ಆಗಿತ್ತು: ಕೀಲಿಮಣೆಯೂ ಕಾಗದದ ಸುರುಳಿಯೂ ಇದ್ದ ಟೆಲಿಟೈಪ್. ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಮಾದರಿಯಲ್ಲಿರುವ ಲಿನಕ್ಸ್, ಮ್ಯಾಕ್‌ನಂತಹ ವ್ಯವಸ್ಥೆಗಳಲ್ಲಿ ಇಂದಿಗೂ ಟರ್ಮಿನಲ್‌ಗೆ ‘ಟಿಟಿವೈ’ ಎಂಬ ಹೆಸರು ಉಳಿದಿರುವುದು ಆ ಟೆಲಿಟೈಪ್‌ನ ನೆನಪಾಗಿ.

ಶೆಲ್ ಎಂಬುದು ಆ ಕಿಟಕಿಯೊಳಗೆ ಕುಳಿತಿರುವ ಒಂದು ಪ್ರೋಗ್ರಾಂ. ನಾವು ಬರೆದ ಸಾಲನ್ನು ಓದಿ, ಅದರ ಅರ್ಥ ಬಿಡಿಸಿ, ತಕ್ಕ ಪ್ರೋಗ್ರಾಮನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಅದರ ಹೊಣೆ. ಹೋಟೆಲಿನ ಹೋಲಿಕೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಮೇಜಿನಲ್ಲಿ ಕುಳಿತವರು ಅಡುಗೆಮನೆಯೊಳಗೆ ಹೋಗುವುದಿಲ್ಲ. ಮಾಣಿಗೆ ಹೇಳುತ್ತಾರೆ, ಮಾಣಿ ಅದನ್ನು ಒಳಗಿನವರಿಗೆ ಅರ್ಥವಾಗುವ ಮಾತಿನಲ್ಲಿ ಕೂಗಿ ಹೇಳುತ್ತಾನೆ, ಆದದ್ದನ್ನು ತಂದು ಮುಂದಿಡುತ್ತಾನೆ. ಅಡುಗೆಮನೆ ಎಂದರೆ ಇಲ್ಲಿ ಕರ್ನೆಲ್, ಅಂದರೆ ಡಿಸ್ಕ್, ಮೆಮೊರಿ, ನೆಟ್‌ವರ್ಕ್‌ಗಳನ್ನೆಲ್ಲ ಕೈಯಲ್ಲಿಟ್ಟುಕೊಂಡಿರುವ ಕಾರ್ಯಾಚರಣಾ ವ್ಯವಸ್ಥೆಯ ತಿರುಳು. ಆ ತಿರುಳಿನ ಸುತ್ತ ಇರುವ ಚಿಪ್ಪು ಎಂಬ ಅರ್ಥದಲ್ಲಿಯೇ ‘ಶೆಲ್’ ಎಂಬ ಹೆಸರು ಬಂದದ್ದು. 1960ರ ದಶಕದ ನಡುವಿನಲ್ಲಿ ಮಲ್ಟಿಕ್ಸ್ ಎಂಬ ವ್ಯವಸ್ಥೆಯ ವಿನ್ಯಾಸ ನಡೆಯುತ್ತಿದ್ದಾಗ ಫ್ರಾನ್ಸಿನ ಲೂಯಿ ಪೂಜಾಂ ಈ ಹೆಸರನ್ನು ಕೊಟ್ಟರು. ಕಮಾಂಡ್‌ಗಳ ಪಟ್ಟಿಯನ್ನು ಒಂದು ಕಡತದಿಂದ ಓದಿ ಸಾಲುಸಾಲಾಗಿ ನಡೆಸುವ ‘ರನ್‌ಕಾಮ್’ ಎಂಬ ಉಪಕರಣವನ್ನು ಅದಕ್ಕೂ ಮೊದಲೇ ಬರೆದಿದ್ದವರೂ ಅವರೇ. ಅಂದರೆ ಸ್ಕ್ರಿಪ್ಟ್ ಎಂಬ ಕಲ್ಪನೆಗೆ ಶೆಲ್ ಎಂಬ ಹೆಸರಿಗಿಂತಲೂ ಹೆಚ್ಚು ವಯಸ್ಸಾಗಿದೆ.

ಮಾಣಿಗಳಲ್ಲಿ ಹಲವರಿರುವಂತೆ ಶೆಲ್‌ಗಳಲ್ಲೂ ಹಲವು ಇವೆ. 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಬಂದ, ಸ್ಟೀಫನ್ ಬೋರ್ನ್ ಬರೆದ ಬೋರ್ನ್ ಶೆಲ್ ಇವತ್ತಿನ ಬಹುಪಾಲು ಶೆಲ್‌ಗಳ ಹಿರಿಯಜ್ಜ. ಮುಕ್ತ ತಂತ್ರಾಂಶದ ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದು 1989ರಲ್ಲಿ ಹೊರಬಂದ ‘ಬ್ಯಾಷ್’ ಎಂಬ ಹೆಸರಿನಲ್ಲಿ, ಬೋರ್ನ್ ಮತ್ತೆ ಹುಟ್ಟಿ ಬಂದ ಎಂಬ ಶ್ಲೇಷೆ ಅಡಗಿದೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಕಾಣುವುದು ಇದೇ. ಆಪಲ್‌ನ ಮ್ಯಾಕ್‌ಗಳಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ‘ಜಡ್‌ಶೆಲ್’ ಮೊದಲ ಆಯ್ಕೆಯಾಗಿದೆ. ವಿಂಡೋಸ್‌ನ ಪವರ್‌ಶೆಲ್ ಬೇರೆಯೇ ವಂಶದ್ದು. ಅದರ ಮಾತು ಮುಂದೆ ಬರುತ್ತದೆ.

ಒಂದು ಸಾಲನ್ನು ಶೆಲ್ ಓದುವ ಬಗೆ

ಸ್ಕ್ರಿಪ್ಟ್‌ಗಳಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಈ ಒಂದು ಹಂತದಲ್ಲೇ ಹುಟ್ಟುವುದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗಬೇಕು. ಶೆಲ್ ಸಾಲನ್ನು ಮೊದಲು ಜಾಗ ಬಿಟ್ಟ ಕಡೆಗಳಲ್ಲಿ ತುಂಡರಿಸುತ್ತದೆ. ಮೊದಲ ತುಂಡು ಕಮಾಂಡ್, ಎಂದರೆ ಯಾವ ಪ್ರೋಗ್ರಾಂ ಎಬ್ಬಿಸಬೇಕೆಂಬ ಹೆಸರು. ಉಳಿದ ತುಂಡುಗಳು ಆ ಪ್ರೋಗ್ರಾಮಿಗೆ ಕೊಡುವ ವಿವರಗಳು. ಅವುಗಳಲ್ಲಿ ಕಿರುಗೆರೆಯಿಂದ ಶುರುವಾಗುವವನ್ನು ರೂಢಿಯಲ್ಲಿ ಆಯ್ಕೆಗಳೆಂದು ಕರೆಯುತ್ತಾರೆ. ಫೋಲ್ಡರಿನಲ್ಲಿರುವುದನ್ನು ಪಟ್ಟಿ ಮಾಡಲು ‘ಎಲ್‌ಎಸ್’, ಬೇರೆ ಫೋಲ್ಡರಿಗೆ ಹೋಗಲು ‘ಸಿಡಿ’, ನಕಲು ಮಾಡಲು ‘ಸಿಪಿ’, ಅಳಿಸಲು ‘ಆರ್‌ಎಂ’. ಟೆಲಿಟೈಪ್‌ನಲ್ಲಿ ಒಂದೊಂದು ಅಕ್ಷರವೂ ನಿಧಾನವಾಗಿ ಅಚ್ಚಾಗುತ್ತಿದ್ದ ದಿನಗಳಲ್ಲಿ ಇಷ್ಟು ಚುಟುಕಾದ ಹೆಸರುಗಳು ಎಲ್ಲರಿಗೂ ಹಿತವಾಗಿದ್ದವು.

ತುಂಡರಿಸುವ ಈ ಸರಳ ನಿಯಮದಲ್ಲೇ ಮೊದಲ ಗುಂಡಿಯಿದೆ. ‘ಮದುವೆ ಫೋಟೋ’ ಎಂಬ ಹೆಸರಿನ ಒಂದು ಕಡತವನ್ನು ಅಳಿಸಲು ‘ಆರ್‌ಎಂ’ ಎಂದು ಬರೆದು ಮುಂದೆ ಆ ಹೆಸರನ್ನು ಹಾಗೆಯೇ ಒತ್ತಿದರೆ, ಶೆಲ್‌ಗೆ ಕಾಣುವುದು ‘ಮದುವೆ’ ಮತ್ತು ‘ಫೋಟೋ’ ಎಂಬ ಎರಡು ಕಡತಗಳು. ಆ ಹೆಸರಿನ ಕಡತಗಳು ಇಲ್ಲದಿದ್ದರೆ ಒಂದು ತಕರಾರಿನ ಸಂದೇಶ ಬಂದು ಮುಗಿಯುತ್ತದೆ. ದುರದೃಷ್ಟಕ್ಕೆ ‘ಮದುವೆ’ ಎಂಬ ಬೇರೊಂದು ಕಡತ ಅಲ್ಲಿದ್ದರೆ ಅಳಿಯುವುದು ಅದು. ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಶೆಲ್ ಅದನ್ನು ಒಡೆಯದೆ ಒಂದೇ ತುಂಡೆಂದು ಪರಿಗಣಿಸುತ್ತದೆ. ಆದರೆ ಆ ಚಿಹ್ನೆ ಕೀಲಿಮಣೆಯ ನೇರ ಚಿಹ್ನೆಯೇ ಆಗಿರಬೇಕು. ವರ್ಡ್‌ನಂತಹ ತಂತ್ರಾಂಶಗಳು ಅಂದಕ್ಕಾಗಿ ಅದನ್ನು ಬಾಗಿದ ಚಿಹ್ನೆಯಾಗಿ ಬದಲಾಯಿಸುತ್ತವೆ. ಶೆಲ್ ಅದನ್ನು ಉದ್ಧರಣ ಚಿಹ್ನೆಯೆಂದು ಗುರುತಿಸದೆ, ಹೆಸರಿನ ಒಂದು ಅಕ್ಷರವೆಂದೇ ಭಾವಿಸುತ್ತದೆ. ಬೇರೆಲ್ಲೋ ಕೆಲಸ ಮಾಡಿದ ಸಾಲು ನಕಲು ಮಾಡಿ ಹಾಕಿದಾಗ ಕೆಲಸ ಮಾಡದಿರಲು ಇದು ಒಂದು ಸಾಮಾನ್ಯ ಕಾರಣ.

ಕೆಲವು ಚಿಹ್ನೆಗಳನ್ನು ಶೆಲ್ ಪ್ರೋಗ್ರಾಮಿಗೆ ಕೊಡುವ ಮೊದಲೇ ಬಿಡಿಸಿಬಿಡುತ್ತದೆ. ಡಾಲರ್ ಚಿಹ್ನೆಯ ಮುಂದೆ ಬರುವ ಹೆಸರು ಒಂದು ಚರ, ಎಂದರೆ ಹೆಸರು ಹಚ್ಚಿದ ಡಬ್ಬಿ. ಆ ಜಾಗದಲ್ಲಿ ಶೆಲ್ ಡಬ್ಬಿಯೊಳಗಿರುವುದನ್ನು ತಂದು ಸುರಿಯುತ್ತದೆ. ಜೋಡಿ ಉದ್ಧರಣದೊಳಗೂ ಡಾಲರ್ ಹೀಗೆಯೇ ಕೆಲಸ ಮಾಡುತ್ತದೆ, ಒಂಟಿ ಉದ್ಧರಣದೊಳಗೆ ಮಾಡುವುದಿಲ್ಲ. ನಕ್ಷತ್ರ ಚಿಹ್ನೆ, ಎಂದರೆ *, ‘ಇಲ್ಲಿ ಏನು ಬೇಕಾದರೂ ಇರಬಹುದು’ ಎಂಬ ಅರ್ಥದ್ದು. ‘ಲೆಕ್ಕ*’ ಎಂದು ಬರೆದರೆ ಲೆಕ್ಕ ಎಂದು ಶುರುವಾಗುವ ಎಲ್ಲ ಕಡತಗಳ ಹೆಸರನ್ನು ಶೆಲ್ ತಾನೇ ಹುಡುಕಿ ಸಾಲಾಗಿ ಜೋಡಿಸುತ್ತದೆ; ಎಬ್ಬಿಸಿದ ಪ್ರೋಗ್ರಾಮಿಗೆ ಕಾಣುವುದು ಆ ಪೂರ್ಣ ಪಟ್ಟಿಯೇ ಹೊರತು ನಕ್ಷತ್ರವಲ್ಲ. ಆದ್ದರಿಂದ ‘ಆರ್‌ಎಂ’ ಮುಂದೆ ‘ಲೆಕ್ಕ’ ಮತ್ತು ‘*’ ನಡುವೆ ಕೈತಪ್ಪಿ ಒಂದು ಜಾಗ ಬಿದ್ದರೆ, ಅಳಿಸಬೇಕಾದವುಗಳ ಪಟ್ಟಿಗೆ ಆ ಫೋಲ್ಡರಿನ ಕಡತಗಳೆಲ್ಲವೂ ಸೇರುತ್ತವೆ. ‘ನಿಜವಾಗಿಯೂ ಇಷ್ಟನ್ನೆಲ್ಲ ಅಳಿಸಬೇಕೇ’ ಎಂದು ‘ಆರ್‌ಎಂ’ ಸಾಮಾನ್ಯವಾಗಿ ಕೇಳುವುದಿಲ್ಲ, ಅಳಿಸಿದ್ದನ್ನು ರೀಸೈಕಲ್ ಬಿನ್‌ನಲ್ಲಿ ಇಡುವುದೂ ಇಲ್ಲ.

ಕೈಯಿಂದ ಕೈಗೆ ಬಾಂಡ್ಲಿ

ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ, ತೋಟದ ಹೋಸ್ ಪೈಪುಗಳನ್ನು ಒಂದಕ್ಕೊಂದು ಜೋಡಿಸುವಂತೆ ಪ್ರೋಗ್ರಾಮುಗಳನ್ನು ಜೋಡಿಸುವ ಉಪಾಯ ಬೇಕು ಎಂದು ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ನಲ್ಲಿ ನಿಜ ಮಾಡಿದರು. ಎರಡು ಕಮಾಂಡ್‌ಗಳ ನಡುವೆ | ಎಂಬ ಲಂಬಗೆರೆ ಹಾಕಿದರೆ ಮೊದಲನೆಯದರ ಫಲಿತಾಂಶ ಪರದೆಗೆ ಬರದೆ ಎರಡನೆಯದರ ಬಾಯಿಗೆ ಹೋಗುತ್ತದೆ. ಇದರ ಹೆಸರೇ ಪೈಪ್. ಮನೆಯ ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಏಣಿಯುದ್ದಕ್ಕೂ ಸಾಲಾಗಿ ನಿಂತವರು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೆನೆದರೆ ಪೈಪ್‌ನ ಇನ್ನೊಂದು ಗುಣವೂ ತಿಳಿಯುತ್ತದೆ: ಸಾಲಿನಲ್ಲಿರುವ ಎಲ್ಲರೂ ಏಕಕಾಲಕ್ಕೆ ದುಡಿಯುತ್ತಿರುತ್ತಾರೆ, ಕೆಳಗಿನವರ ಕೆಲಸ ಪೂರ್ತಿ ಮುಗಿಯಲೆಂದು ಮೇಲಿನವರು ಕಾಯುವುದಿಲ್ಲ. ಒಂದು ಪ್ರೋಗ್ರಾಂ ಸಾಲುಗಳನ್ನು ಆಯುತ್ತದೆ, ಇನ್ನೊಂದು ಅಕಾರಾದಿಯಾಗಿ ಜೋಡಿಸುತ್ತದೆ, ಮತ್ತೊಂದು ಎಣಿಸುತ್ತದೆ. ಪ್ರತಿಯೊಂದೂ ಚಿಕ್ಕದು, ಕೂಡಿದಾಗ ಕೆಲಸ ದೊಡ್ಡದು.

ಫಲಿತಾಂಶವನ್ನು ಕಡತದಲ್ಲಿ ಇಡಬೇಕಾದರೆ > ಚಿಹ್ನೆ. ಇದು ಇದ್ದದ್ದನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. >> ಎಂದು ಎರಡು ಸಲ ಹಾಕಿದರೆ ಇದ್ದದ್ದರ ಕೊನೆಗೆ ಸೇರಿಸುತ್ತದೆ. ಒಂದು ಚಿಹ್ನೆಯ ಅಂತರ, ಪರಿಣಾಮದಲ್ಲಿ ಅಜಗಜಾಂತರ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಕಮಾಂಡ್ ಶುರುವಾಗುವ ಮೊದಲೇ ಶೆಲ್ ಆ ಕಡತವನ್ನು ಖಾಲಿ ಮಾಡಿಡುತ್ತದೆ. ಆದಕಾರಣ ‘ಪಟ್ಟಿ’ ಎಂಬ ಕಡತವನ್ನು ಜೋಡಿಸಿ ಅದೇ ‘ಪಟ್ಟಿ’ಗೆ > ಮೂಲಕ ಬರೆಯಲು ಹೋದವರಿಗೆ ಸಿಗುವುದು ಖಾಲಿ ಕಡತ.

ಸ್ಕ್ರಿಪ್ಟ್ ಎಂದರೆ ಬರೆದಿಟ್ಟ ಪಟ್ಟಿ

ಇಷ್ಟು ತಿಳಿದ ಮೇಲೆ ಸ್ಕ್ರಿಪ್ಟ್ ಎಂಬುದರಲ್ಲಿ ಹೊಸ ರಹಸ್ಯವೇನೂ ಉಳಿಯುವುದಿಲ್ಲ. ಟರ್ಮಿನಲ್‌ನಲ್ಲಿ ಒಂದೊಂದಾಗಿ ಒತ್ತಬಹುದಾದ ಸಾಲುಗಳನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಮದುವೆ ಮನೆಯ ಅಡುಗೆಯವರಿಗೆ ಬರೆದುಕೊಟ್ಟ ಪಟ್ಟಿಯಂತೆ ಅದನ್ನು ಮತ್ತೆ ಮತ್ತೆ ಬಳಸಬಹುದು, ಇನ್ನೊಬ್ಬರಿಗೆ ಕಳಿಸಬಹುದು, ಎಲ್ಲಿ ತಪ್ಪಾಯಿತೆಂದು ಕುಳಿತು ಓದಬಹುದು. ಮೌಸ್ ಹಿಡಿದು ಮಾಡಿದ ನಲವತ್ತು ಕ್ಲಿಕ್ಕುಗಳನ್ನು ಹೀಗೆ ಬರೆದಿಡಲು ಸುಲಭದ ದಾರಿಯಿಲ್ಲ. ಚಿತ್ರಮಯ ಪರದೆಗಳು ಬಂದು ದಶಕಗಳಾದರೂ ಶೆಲ್ ಉಳಿದುಕೊಂಡಿರಲು ಮುಖ್ಯ ಕಾರಣ ಇದೇ.

ಒಂದು ನಿಜವಾದ ಅಗತ್ಯವನ್ನು ತೆಗೆದುಕೊಳ್ಳೋಣ. ‘ಲೆಕ್ಕ’ ಎಂಬ ಫೋಲ್ಡರನ್ನು ದಿನವೂ ಪೆನ್‌ಡ್ರೈವ್‌ಗೆ ನಕಲು ಮಾಡಬೇಕು, ಪ್ರತಿದಿನದ ನಕಲೂ ತಾರೀಖಿನ ಹೆಸರಿನಲ್ಲಿ ಬೇರೆ ಬೇರೆಯಾಗಿ ಇರಬೇಕು. ಇದಕ್ಕೆ ಬರೆಯುವ ಸ್ಕ್ರಿಪ್ಟಿನ ಹೆಸರು ‘ನಕಲು’ ಎಂದಿರಲಿ. ಅದರ ಮೊದಲ ಸಾಲು ಯಾವ ಶೆಲ್ ಇದನ್ನು ಓದಬೇಕೆಂದು ಹೇಳುತ್ತದೆ. ಎರಡನೆಯ ಸಾಲು ‘ಡೇಟ್’ ಕಮಾಂಡಿನಿಂದ ಇವತ್ತಿನ ತಾರೀಖನ್ನು ಪಡೆದು ಒಂದು ಚರದಲ್ಲಿ ಇಡುತ್ತದೆ. ಅದನ್ನು 2025-06-14 ಎಂಬಂತೆ ವರ್ಷ ಮೊದಲಾಗಿ ಬರೆಸಿದರೆ ಫೋಲ್ಡರುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಮೂರನೆಯದು ಪೆನ್‌ಡ್ರೈವ್‌ನಲ್ಲಿ ಆ ಹೆಸರಿನ ಫೋಲ್ಡರ್ ಮಾಡುತ್ತದೆ, ನಾಲ್ಕನೆಯದು ‘ಲೆಕ್ಕ’ವನ್ನು ಅದರೊಳಗೆ ನಕಲು ಮಾಡುತ್ತದೆ, ಐದನೆಯದು ‘ನಕಲು ಮುಗಿಯಿತು’ ಎಂದು ಪರದೆಯ ಮೇಲೆ ಬರೆಯುತ್ತದೆ. ನಡುವೆ ಎಲ್ಲಿ ಬೇಕಾದರೂ # ಚಿಹ್ನೆ ಹಾಕಿ ಟಿಪ್ಪಣಿ ಬರೆದುಕೊಳ್ಳಬಹುದು. ಜಾಗ ಬಿಟ್ಟು # ಬಂದಲ್ಲಿಂದ ಆ ಸಾಲಿನ ಕೊನೆಯವರೆಗೆ ಇರುವುದನ್ನು ಶೆಲ್ ಓದದೆ ಬಿಡುತ್ತದೆ. ಈ ಚಿಹ್ನೆಯನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

‘ಓಡಿಸು’ ಎಂದಾಗ ಏನಾಗುತ್ತದೆ

ಕಡತ ಬರೆದು ಉಳಿಸಿ, ‘ನಕಲು’ ಎಂದು ಒತ್ತಿದರೆ ಮೊದಲ ಬಾರಿಗೆ ಯಾರಿಗೂ ಅದು ಓಡುವುದಿಲ್ಲ. ಅಂತಹ ಕಮಾಂಡ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಕಡತ ಕಣ್ಣೆದುರೇ ಇದ್ದರೂ ಸಿಗಲಿಲ್ಲವೆಂದರೆ ಏನರ್ಥ?

ಶೆಲ್ ಕಮಾಂಡ್‌ಗಳನ್ನು ಹುಡುಕುವುದು ‘ಪಾತ್’ ಎಂಬ ಚರದಲ್ಲಿ ಪಟ್ಟಿ ಮಾಡಿರುವ ಫೋಲ್ಡರುಗಳಲ್ಲಿ ಮಾತ್ರ, ಅದೂ ಪಟ್ಟಿಯ ಕ್ರಮದಲ್ಲಿ. ಅಡುಗೆಮನೆಯಲ್ಲಿ ಸಾಸಿವೆ ಬೇಕೆಂದರೆ ಮಸಾಲೆ ಡಬ್ಬಿಗಳ ಗೂಡಿನಲ್ಲಿ ಹುಡುಕುತ್ತೇವೆಯೇ ಹೊರತು ಕಟ್ಟೆಯ ಮೇಲೆ ಯಾರೋ ಇಟ್ಟು ಹೋದ ಪೊಟ್ಟಣವನ್ನು ಒಗ್ಗರಣೆಗೆ ಹಾಕುವುದಿಲ್ಲ. ನಾವು ಈಗ ನಿಂತಿರುವ ಫೋಲ್ಡರನ್ನು ಆ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿರುವುದಿಲ್ಲ. ಹಲವರು ಹಂಚಿಕೊಳ್ಳುವ ಫೋಲ್ಡರಿನಲ್ಲಿ ಯಾರಾದರೂ ‘ಎಲ್‌ಎಸ್’ ಎಂಬ ಹೆಸರಿನಲ್ಲಿ ಬೇರೇನೋ ಮಾಡುವ ಪ್ರೋಗ್ರಾಂ ಇಟ್ಟುಬಿಟ್ಟರೆ, ಪಟ್ಟಿ ನೋಡಲು ಹೋದವರು ಅದನ್ನು ಓಡಿಸಿಬಿಡುವ ಅಪಾಯವಿದೆ. ಹಾಗಾಗಿ ‘ಇಲ್ಲೇ ಇರುವ ನಕಲು’ ಎಂದು ಬಿಡಿಸಿ ಹೇಳಬೇಕು: ./ನಕಲು. ಇಲ್ಲಿ ಚುಕ್ಕಿ ಎಂದರೆ ಈಗಿರುವ ಫೋಲ್ಡರ್, ಓರೆಗೆರೆ ಎಂದರೆ ಅದರೊಳಗೆ.

ಹಾಗೆ ಹೇಳಿದರೂ ‘ಅನುಮತಿ ಇಲ್ಲ’ ಎಂಬ ಎರಡನೆಯ ತಡೆ ಎದುರಾಗುತ್ತದೆ. ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಪ್ರತಿ ಕಡತಕ್ಕೂ ಓದುವ, ಬರೆಯುವ, ಓಡಿಸುವ ಮೂರು ಅನುಮತಿಗಳು ಮಾಲೀಕರಿಗೆ, ಗುಂಪಿನವರಿಗೆ, ಉಳಿದವರಿಗೆ ಎಂದು ಬೇರೆ ಬೇರೆಯಾಗಿ ಇರುತ್ತವೆ. ಹೊಸದಾಗಿ ಬರೆದ ಪಠ್ಯ ಕಡತಕ್ಕೆ ಓಡುವ ಅನುಮತಿ ಇರುವುದಿಲ್ಲ, ಏಕೆಂದರೆ ಬಹುಪಾಲು ಪಠ್ಯ ಕಡತಗಳು ಓದಲಿಕ್ಕೆ ಇರುವವು. ‘ಸಿಎಚ್‌ಮಾಡ್’ ಎಂಬ ಕಮಾಂಡಿಗೆ ‘+ಎಕ್ಸ್’ ಎಂಬ ವಿವರ ಕೊಟ್ಟು ಆ ಅನುಮತಿಯನ್ನು ಒಮ್ಮೆ ಸೇರಿಸಿದರೆ ಸಾಕು. ಬ್ಯಾಷ್ ಎಂದು ಬರೆದು ಮುಂದೆ ಕಡತದ ಹೆಸರು ಕೊಡುವ ಇನ್ನೊಂದು ದಾರಿಯೂ ಇದೆ. ಆಗ ಓಡುವುದು ಬ್ಯಾಷ್, ನಮ್ಮ ಕಡತ ಅದು ಓದುವ ಪಠ್ಯ ಮಾತ್ರ, ಆದ್ದರಿಂದ ಓದುವ ಅನುಮತಿ ಇದ್ದರೆ ನಡೆಯುತ್ತದೆ.

ತಡೆಗಳು ಕಳೆದ ಮೇಲೆ ಕರ್ನೆಲ್ ಕಡತದ ಮೊದಲ ಎರಡು ಅಕ್ಷರಗಳನ್ನು ನೋಡುತ್ತದೆ. ಅವು #! ಆಗಿದ್ದರೆ, ಅವುಗಳ ಮುಂದೆ ಬರೆದಿರುವ ವಿಳಾಸದಲ್ಲಿರುವ (ಯಾವ ಫೋಲ್ಡರಿನೊಳಗೆ ಇದೆಯೆಂದು ತೋರಿಸುವ ದಾರಿಯೇ ವಿಳಾಸ) ಪ್ರೋಗ್ರಾಮನ್ನು ಎಬ್ಬಿಸಿ ಈ ಕಡತವನ್ನು ಅದರ ಕೈಗೆ ಕೊಡುತ್ತದೆ. ‘ಶಿಬ್ಯಾಂಗ್’ ಎಂದು ಕರೆಯುವ ಈ ಏರ್ಪಾಡನ್ನು 1980ರಲ್ಲಿ ಡೆನಿಸ್ ರಿಚಿ ಯುನಿಕ್ಸ್‌ಗೆ ಸೇರಿಸಿದರು. ವಿಳಾಸ ಬ್ಯಾಷ್‌ನದಾಗಿರಬಹುದು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯದೂ ಆಗಿರಬಹುದು. ಇಲ್ಲಿ ಒಂದು ಎಚ್ಚರ ಬೇಕು: ‘/ಬಿನ್/ಎಸ್‌ಎಚ್’ ಎಂದು ಬರೆದ ಕಡೆಯೆಲ್ಲ ಬ್ಯಾಷ್ ಸಿಗುವುದಿಲ್ಲ. ಲಿನಕ್ಸ್‌ನ ಒಂದು ರೂಪವಾದ ಉಬುಂಟು 2006ರಿಂದಲೂ ಆ ಹೆಸರಿನ ಹಿಂದೆ ‘ಡ್ಯಾಷ್’ ಎಂಬ ಚಿಕ್ಕ, ಚುರುಕಾದ ಶೆಲ್ ಇಟ್ಟಿದೆ. ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಂತೆ ಇವೆರಡರ ನಡುವೆ ಬಹುಪಾಲು ಮಾತು ಸಮಾನ, ಕೆಲವು ಮಾತುಗಳು ಮಾತ್ರ ದಾಟುವುದಿಲ್ಲ. ಆದರೆ ಮನುಷ್ಯರಂತೆ ಸಂದರ್ಭದಿಂದ ಅರ್ಥ ಊಹಿಸುವ ಗುಣ ಶೆಲ್‌ಗಿಲ್ಲ.

ವಿಂಡೋಸ್‌ನಲ್ಲಿ ಬರೆದು ಲಿನಕ್ಸ್‌ಗೆ ತಂದ ಸ್ಕ್ರಿಪ್ಟ್ ಇದೇ ಹಂತದಲ್ಲಿ ಮುಗ್ಗರಿಸುವುದುಂಟು. ವಿಂಡೋಸ್ ರೂಢಿಯಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತುಗಳಿರುತ್ತವೆ, ಯುನಿಕ್ಸ್ ರೂಢಿಯಲ್ಲಿ ಒಂದೇ. ಹೆಚ್ಚುವರಿ ಗುರುತು ಮೊದಲ ಸಾಲಿನ ವಿಳಾಸಕ್ಕೆ ಅಂಟಿಕೊಂಡು, ಅಂತಹ ಪ್ರೋಗ್ರಾಂ ಇಲ್ಲವೇ ಇಲ್ಲ ಎಂಬ ಉತ್ತರ ಬರುತ್ತದೆ. ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಇದನ್ನು ಪತ್ತೆ ಮಾಡಲು ಅರ್ಧ ದಿನ ಕಳೆದವರಿದ್ದಾರೆ. ಈ ಲೇಖಕನೂ ಅವರಲ್ಲೊಬ್ಬ.

ಜೆರಾಕ್ಸ್ ಪ್ರತಿಯ ಮೇಲೆ ಬರೆದದ್ದು

ಸ್ಕ್ರಿಪ್ಟಿನಲ್ಲಿ ‘ಸಿಡಿ’ ಮೂಲಕ ಬೇರೆ ಫೋಲ್ಡರಿಗೆ ಹೋದರೂ, ಸ್ಕ್ರಿಪ್ಟ್ ಮುಗಿದ ಮೇಲೆ ನಾವು ಮೊದಲಿದ್ದ ಫೋಲ್ಡರಿನಲ್ಲೇ ಇರುತ್ತೇವೆ. ಹೊಸಬರಿಗೆ ಇದು ದೋಷವೆಂದು ತೋರುತ್ತದೆ. ನಿಜಸಂಗತಿಯೆಂದರೆ, ಸ್ಕ್ರಿಪ್ಟ್ ಓಡಿಸಿದಾಗ ನಮ್ಮ ಮುಂದಿರುವ ಶೆಲ್ ಆ ಸಾಲುಗಳನ್ನು ನಡೆಸುವುದಿಲ್ಲ. ಅದು ಇನ್ನೊಂದು ಶೆಲ್ಲನ್ನು ಮಗುವಿನಂತೆ ಹುಟ್ಟಿಸಿ ಕೆಲಸ ಒಪ್ಪಿಸುತ್ತದೆ. ಆ ಮಗುವಿಗೆ ಪರಿಸರದ, ಎಂದರೆ ಈಗಿರುವ ಫೋಲ್ಡರ್, ‘ಪಾತ್’‌ನಂತಹ ಚರಗಳು ಮೊದಲಾದವುಗಳ, ನಕಲೊಂದು ಸಿಗುತ್ತದೆ. ಜೆರಾಕ್ಸ್ ಪ್ರತಿಯ ಮೇಲೆ ಏನು ತಿದ್ದಿದರೂ ಮೂಲ ಪತ್ರ ಬದಲಾಗದಂತೆ, ಮಗು ಶೆಲ್‌ನಲ್ಲಿ ಬದಲಾದ ಫೋಲ್ಡರಾಗಲಿ ಚರವಾಗಲಿ ತಾಯಿ ಶೆಲ್‌ಗೆ ಮರಳುವುದಿಲ್ಲ. ಮೂಲದ ಮೇಲೆಯೇ ತಿದ್ದಬೇಕಾದಾಗ ‘ಸೋರ್ಸ್’ ಎಂಬ ಕಮಾಂಡ್ ಬಳಸುತ್ತಾರೆ. ಆದರೆ ಕಡತಗಳ ವಿಷಯಕ್ಕೆ ಈ ರಕ್ಷಣೆ ಅನ್ವಯಿಸುವುದಿಲ್ಲ: ಮಗು ಅಳಿಸಿದ ಕಡತ ಅಳಿಸಿಯೇ ಹೋಗಿರುತ್ತದೆ, ಏಕೆಂದರೆ ಡಿಸ್ಕ್ ಒಂದೇ.

ಸೊನ್ನೆ ಬಂದರೆ ಪಾಸು

ಮುಗಿದ ಪ್ರತಿ ಪ್ರೋಗ್ರಾಮೂ ಹೋಗುವಾಗ ಶೆಲ್‌ಗೆ ಒಂದು ಸಂಖ್ಯೆ ಹೇಳಿ ಹೋಗುತ್ತದೆ. 0 ಎಂದರೆ ಕೆಲಸ ಸರಿಯಾಗಿ ಆಯಿತು. 1ರಿಂದ 255ರವರೆಗಿನ ಯಾವುದೇ ಸಂಖ್ಯೆ ಬಂದರೆ ಏನೋ ಎಡವಟ್ಟಾಗಿದೆ. ನಮ್ಮ ಪರೀಕ್ಷೆಗಳಿಗೆ ಇದು ತಲೆಕೆಳಗಾದ ಅಂಕಪದ್ಧತಿಯೆನಿಸಿದರೂ ಇದರಲ್ಲಿ ತರ್ಕವಿದೆ: ಸರಿಯಾಗುವ ದಾರಿ ಒಂದು, ಕೆಡುವ ದಾರಿಗಳು ಹಲವು. ಬ್ಯಾಷ್‌ನಲ್ಲಿ 127 ಎಂದರೆ ಕಮಾಂಡ್ ಸಿಗಲಿಲ್ಲ, 126 ಎಂದರೆ ಸಿಕ್ಕಿತು ಆದರೆ ಓಡಿಸಲಾಗಲಿಲ್ಲ.

ಮುಖ್ಯವಾದ ಮಾತು ಇನ್ನೊಂದು. ಒಂದು ಸಾಲು ಕೆಟ್ಟರೂ ಶೆಲ್ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ಪೆನ್‌ಡ್ರೈವ್ ಹಾಕುವುದನ್ನು ಮರೆತು ‘ನಕಲು’ ಓಡಿಸಿದರೆ ಮೂರನೆಯ ಸಾಲು ಕೆಡುತ್ತದೆ, ನಾಲ್ಕನೆಯದೂ ಕೆಡುತ್ತದೆ, ಐದನೆಯದು ಮಾತ್ರ ‘ನಕಲು ಮುಗಿಯಿತು’ ಎಂದು ನಿರಾತಂಕವಾಗಿ ಬರೆಯುತ್ತದೆ. ಇದನ್ನು ತಪ್ಪಿಸಲು ಎರಡು ಕಮಾಂಡ್‌ಗಳ ನಡುವೆ && ಹಾಕುತ್ತಾರೆ; ಎಡಗಡೆಯದು ಸೊನ್ನೆ ಹೇಳಿದರೆ ಮಾತ್ರ ಬಲಗಡೆಯದು ನಡೆಯುತ್ತದೆ. ‘ಸೆಟ್ -ಇ’ ಎಂದು ಸ್ಕ್ರಿಪ್ಟಿನ ಆರಂಭದಲ್ಲಿ ಬರೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೆಟ್ಟ ಸಾಲಿನಲ್ಲೇ ಓಟ ನಿಲ್ಲುತ್ತದೆ. ಸ್ಕ್ರಿಪ್ಟನ್ನು ನಾವಿಲ್ಲದಾಗ ಓಡಲು ಬಿಡುವುದಾದರೆ ಇದು ಇನ್ನೂ ಅಗತ್ಯ. ‘ಕ್ರಾನ್’ ಎಂಬ ವ್ಯವಸ್ಥೆಗೆ ‘0 22 * * *’ ಎಂದು ಬರೆದು ಮುಂದೆ ಸ್ಕ್ರಿಪ್ಟಿನ ಪೂರ್ಣ ವಿಳಾಸ ಕೊಟ್ಟರೆ ಅದು ದಿನವೂ ರಾತ್ರಿ ಹತ್ತಕ್ಕೆ ಓಡುತ್ತದೆ; ಆ ಐದು ಸ್ಥಾನಗಳು ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ. ಕ್ರಾನ್‌ನಲ್ಲಿ ‘ಪಾತ್’ ಪಟ್ಟಿ ತೀರಾ ಚಿಕ್ಕದಿರುವುದರಿಂದ, ಕೈಯಿಂದ ಓಡಿಸಿದಾಗ ಸಿಕ್ಕಿದ ಕಮಾಂಡ್ ಅಲ್ಲಿ ಸಿಗದೆ ಹೋಗಬಹುದು.

ಕನ್ನಡದ ಕಡತಗಳು ಬಂದಾಗ

ಕನ್ನಡದಲ್ಲಿ ಹೆಸರಿಟ್ಟ ಕಡತಗಳನ್ನೂ ಕನ್ನಡ ಪಠ್ಯವನ್ನೂ ಶೆಲ್ ಸಲೀಸಾಗಿ ನಿಭಾಯಿಸುತ್ತದೆ, ಆದರೆ ‘ಅಕ್ಷರ’ ಎಂಬುದರ ಅದರ ಕಲ್ಪನೆ ನಮ್ಮದಲ್ಲ. ‘ಕನ್ನಡ’ ಎಂಬ ಪದವೊಂದೇ ಇರುವ ಕಡತವನ್ನು, ಕೊನೆಯ ಸಾಲುಗುರುತೂ ಇಲ್ಲದಂತೆ ಉಳಿಸಿ, ‘ಡಬ್ಲ್ಯೂಸಿ’ ಕಮಾಂಡಿನಿಂದ ಎಣಿಸಿ ನೋಡಬಹುದು. ಬೈಟುಗಳನ್ನು ಕೇಳಿದರೆ 15 ಎನ್ನುತ್ತದೆ. ಯುನಿಕೋಡ್ ಅಕ್ಷರಗಳನ್ನು ಕೇಳಿದರೆ 5 ಎನ್ನುತ್ತದೆ. ನಾವು ಬರವಣಿಗೆಯಲ್ಲಿ ಎಣಿಸುವುದು ಕ, ನ್ನ, ಡ ಎಂದು 3. ಒತ್ತಕ್ಷರದ ‘ನ್ನ’ ಯುನಿಕೋಡಿನಲ್ಲಿ ನ, ಅರ್ಧಾಕ್ಷರದ ಗುರುತು, ಮತ್ತೊಂದು ನ ಎಂದು ಮೂರಾಗಿ ನಿಲ್ಲುತ್ತದೆ ಮತ್ತು ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿ ಕನ್ನಡ ಚಿಹ್ನೆಗೂ 3 ಬೈಟು ಬೇಕು. ಹೀಗಾಗಿ ಒಂದು ಸ್ಕ್ರಿಪ್ಟಿನಲ್ಲಿ ‘ಮೊದಲ ಮೂರು ಅಕ್ಷರ ಕತ್ತರಿಸು’ ಎಂದು ಬ್ಯಾಷ್‌ಗೆ ಹೇಳಿದರೆ ‘ಕನ್ನಡ’ದಿಂದ ಸಿಗುವುದು ‘ಕನ್’.

ಬ್ಯಾಷ್‌ನಲ್ಲಿ ಚರಗಳ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳಲ್ಲೇ ಇರಬೇಕು, ಅದರೊಳಗಿನ ಮೌಲ್ಯ ಕನ್ನಡದಲ್ಲಿರಬಹುದು. ೧೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅನೇಕ ಟರ್ಮಿನಲ್‌ಗಳು ಪ್ರತಿ ಚಿಹ್ನೆಗೂ ಸಮನಾದ ಚೌಕ ಕೊಡುವ ಹಳೆಯ ಕ್ರಮದಲ್ಲೇ ಇರುವುದರಿಂದ ಒತ್ತಕ್ಷರಗಳು ಮುರಿದು ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ, ಕೆಟ್ಟಿರುವುದು ನೋಟ ಮಾತ್ರ.

ವಿಂಡೋಸ್‌ನ ದಾರಿ

ವಿಂಡೋಸ್‌ನಲ್ಲಿ ಡಾಸ್ ಎಂಬ ಹಳೆಯ ವ್ಯವಸ್ಥೆಯ ಕಾಲದಿಂದ ಬಂದ ಕಮಾಂಡ್ ಪ್ರಾಂಪ್ಟ್ ಮತ್ತು 2006ರಲ್ಲಿ ಬಂದ ಪವರ್‌ಶೆಲ್ ಎಂಬ ಎರಡು ಶೆಲ್‌ಗಳಿವೆ. ಹಳೆಯದರ ಸ್ಕ್ರಿಪ್ಟ್‌ಗಳಾದ ಬ್ಯಾಚ್ ಕಡತಗಳು ಡಬಲ್ ಕ್ಲಿಕ್ ಮಾಡಿದೊಡನೆ ಓಡುತ್ತವೆ. ಪವರ್‌ಶೆಲ್ ಸ್ಕ್ರಿಪ್ಟ್‌ಗಳು ಹಾಗಲ್ಲ: ಡಬಲ್ ಕ್ಲಿಕ್ ಮಾಡಿದರೆ ಮೂಲ ಏರ್ಪಾಡಿನಲ್ಲಿ ಅವು ಓಡದೆ ಓದಲಿಕ್ಕೆ ತೆರೆದುಕೊಳ್ಳುತ್ತವೆ. ಮನೆಬಳಕೆಯ ವಿಂಡೋಸ್‌ನಲ್ಲಿ ‘ಎಕ್ಸಿಕ್ಯೂಷನ್ ಪಾಲಿಸಿ’ ಎಂಬ ನಿಯಮ ಆರಂಭದಲ್ಲಿ ಸ್ಕ್ರಿಪ್ಟ್ ಕಡತಗಳನ್ನು ಓಡಲು ಬಿಡುವುದೇ ಇಲ್ಲ. ಇದು ತಪ್ಪಿ ಓಡಿಸುವುದನ್ನು ತಡೆಯುವ ಏರ್ಪಾಡೇ ಹೊರತು ಭದ್ರತೆಯ ಗೋಡೆಯಲ್ಲ ಎಂದು ಮೈಕ್ರೋಸಾಫ್ಟ್ ಸ್ವತಃ ಹೇಳುತ್ತದೆ. ಕೈಯಿಂದ ಒತ್ತಿದ ಅಥವಾ ಪೇಸ್ಟ್ ಮಾಡಿದ ಕಮಾಂಡಿಗೆ ಈ ನಿಯಮ ಅಡ್ಡ ಬರುವುದಿಲ್ಲ.

ಯಾರ ಅಧಿಕಾರದಲ್ಲಿ?

ಸ್ಕ್ರಿಪ್ಟ್ ಓಡುವುದು ಅದನ್ನು ಓಡಿಸಿದವರ ಅಧಿಕಾರದಲ್ಲಿ. ನಾವು ಯಾವ ಕಡತ ತೆರೆಯಬಲ್ಲೆವೋ ಅದೂ ತೆರೆಯಬಲ್ಲದು, ನಾವು ಏನನ್ನು ಅಳಿಸಬಲ್ಲೆವೋ ಅದೂ ಅಳಿಸಬಲ್ಲದು. ಮುಂದೆ ‘ಸುಡೊ’ ಸೇರಿಸಿ ಪಾಸ್‌ವರ್ಡ್ ಕೊಟ್ಟರೆ ಇಡೀ ಯಂತ್ರದ ಬೀಗದ ಕೈ ಗೊಂಚಲನ್ನೇ ಅದರ ಕೈಗಿತ್ತಂತೆ. ಬರೆದವರ ಉದ್ದೇಶ ಒಳ್ಳೆಯದಾಗಿದ್ದರೂ ಏನಾಗಬಹುದೆಂಬುದಕ್ಕೆ 2015ರ ಜನವರಿಯಲ್ಲಿ ಬೆಳಕಿಗೆ ಬಂದ ಸ್ಟೀಮ್ ಆಟದಂಗಡಿಯ ಲಿನಕ್ಸ್ ಸ್ಕ್ರಿಪ್ಟ್ ಪ್ರಸಿದ್ಧ ಉದಾಹರಣೆ. ತಾನು ಇರುವ ಫೋಲ್ಡರಿನ ವಿಳಾಸವನ್ನು ಒಂದು ಚರದಲ್ಲಿಟ್ಟುಕೊಂಡು, ಆ ಚರದ ಮುಂದೆ /* ಹಾಕಿ, ಅದರೊಳಗಿನದನ್ನೆಲ್ಲ ಅಳಿಸುವ ಸಾಲು ಅದರಲ್ಲಿತ್ತು. ಬಳಕೆದಾರರೊಬ್ಬರು ಫೋಲ್ಡರನ್ನು ಬೇರೆಡೆಗೆ ಸಾಗಿಸಿದ ಬಳಿಕ ವಿಳಾಸ ಕಂಡುಹಿಡಿಯಲಾಗದೆ ಚರ ಖಾಲಿಯಾಯಿತು. ಉಳಿದದ್ದು /* ಮಾತ್ರ, ಎಂದರೆ ಡಿಸ್ಕಿನ ಬುಡದಿಂದ ಎಲ್ಲವೂ. ಅವರ ಅಧಿಕಾರಕ್ಕೆ ಒಳಪಟ್ಟ ಕಡತಗಳೆಲ್ಲ ಅಳಿಸಿಹೋದವು. ಆ ಸಾಲಿನ ಮೇಲೆಯೇ ಬರೆದವರು # ಹಾಕಿ ‘ಭಯಾನಕ!’ ಎಂಬರ್ಥದ ಟಿಪ್ಪಣಿ ಇಟ್ಟಿದ್ದರು.

ಇನ್ನು ಉದ್ದೇಶವೇ ಕೆಟ್ಟದ್ದಾದರೆ ಅದೇ # ಬೇರೆ ಕೆಲಸಕ್ಕೆ ಬರುತ್ತದೆ. ಕ್ಲಿಕ್‌ಫಿಕ್ಸ್ ಪುಟಗಳಲ್ಲಿ ಗುಂಡಿ ಒತ್ತಿದೊಡನೆ, ನಮಗೆ ತಿಳಿಯದಂತೆ ಕ್ಲಿಪ್‌ಬೋರ್ಡಿಗೆ ಒಂದು ಉದ್ದನೆಯ ಸಾಲು ನಕಲಾಗುತ್ತದೆ. ಅದರ ಎಡಭಾಗದಲ್ಲಿ ಎಲ್ಲಿಂದಲೋ ಸ್ಕ್ರಿಪ್ಟ್ ಇಳಿಸಿಕೊಂಡು ಓಡಿಸುವ ಪವರ್‌ಶೆಲ್ ಕಮಾಂಡ್, ಬಲತುದಿಯಲ್ಲಿ # ಹಾಕಿ ‘ನಾನು ರೋಬೋಟ್ ಅಲ್ಲ, ಪರಿಶೀಲನಾ ಸಂಖ್ಯೆ’ ಎಂಬಂತಹ ನಿರುಪದ್ರವಿ ಮಾತು. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿದಾಗ ತೆರೆಯುವ ರನ್ ಪೆಟ್ಟಿಗೆ ಚಿಕ್ಕದು. ಪೇಸ್ಟ್ ಮಾಡಿದಾಗ ಅದರಲ್ಲಿ ಕಾಣುವುದು ಸಾಲಿನ ಬಲತುದಿ ಮಾತ್ರ. ಬಳಕೆದಾರರು ಓದುವ ಭಾಗವನ್ನು ಶೆಲ್ ಓದುವುದಿಲ್ಲ, ಶೆಲ್ ಓದುವ ಭಾಗ ಬಳಕೆದಾರರಿಗೆ ಕಾಣುವುದಿಲ್ಲ. ಎಂಟರ್ ಒತ್ತಿದವರು ಅವರೇ ಆದ್ದರಿಂದ ಬ್ರೌಸರಿಗೆ ತಡೆಯುವ ಅವಕಾಶವೂ ಕಡಿಮೆ. ಅದೇ ಸಾಲನ್ನು ರನ್ ಪೆಟ್ಟಿಗೆಯ ಬದಲು ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ, ಕರ್ಸರನ್ನು ಸಾಲಿನ ಆರಂಭಕ್ಕೆ ತಂದರೆ, # ಎಡಗಡೆ ಇರುವುದೆಲ್ಲ ಕಣ್ಣಿಗೆ ಬೀಳುತ್ತದೆ.